ತಟ್ಟೆಯಲ್ಲಿರುವುದನ್ನು ಹೇಳುವ ಹೊಣೆ

ಹಣ ಕೊಟ್ಟು ಹೊರಗೆ ಉಣ್ಣುವವರಿಗೆ ಅಡುಗೆಮನೆಯ ಬಾಗಿಲಾಚೆ ನಡೆಯುವುದು ಕಾಣುವುದಿಲ್ಲ. ಅವರ ಪಾಲಿಗೆ ಸಿಗುವುದು ಗೋಡೆಯ ಮೇಲಿನ ಫಲಕ, ಮೆನುವಿನಲ್ಲಿ ಅಚ್ಚಾದ ಹೆಸರು ಮತ್ತು ಸಪ್ಲೈಯರ್ ಬಾಯಿಂದ ಬಂದ ಉತ್ತರ, ಇಷ್ಟೇ. ಬಹುಪಾಲು ಗಿರಾಕಿಗಳಿಗೆ ಇದು ಸಾಕಾಗುತ್ತದೆ, ಏಕೆಂದರೆ ರುಚಿ ಕೆಟ್ಟಿದ್ದರೆ ನಾಲಿಗೆಯೇ ಹೇಳುತ್ತದೆ, ಬೆಲೆ ಹೆಚ್ಚಾದರೆ ಬಿಲ್ಲೇ ಹೇಳುತ್ತದೆ. ಮತದ ಕಟ್ಟಳೆಗೋ ವ್ರತಕ್ಕೋ ದೇಹಪ್ರಕೃತಿಗೋ ಅನುಗುಣವಾಗಿ ಕೆಲವು ಪದಾರ್ಥಗಳನ್ನು ಬಿಟ್ಟವರ ಸ್ಥಿತಿ ಹಾಗಲ್ಲ. ಅವರು ಬಿಟ್ಟದ್ದು ಸೂಪಿನಲ್ಲಿ ಕರಗಿಯೋ ಕರಿದ ಎಣ್ಣೆಯಲ್ಲಿ ಬೆರೆತೋ ಬಂದರೆ ಕಣ್ಣಿಗೂ ನಾಲಿಗೆಗೂ ಸುಳಿವು ಸಿಗದಿರಬಹುದು, ಸಿಕ್ಕಾಗ ತುತ್ತು ಹೊಟ್ಟೆ ಸೇರಿರುತ್ತದೆ. ಹೀಗೆ ಪೂರ್ತಿಯಾಗಿ ಇನ್ನೊಬ್ಬರ ಮಾತನ್ನು ನಂಬಿಯೇ ನಡೆಯಬೇಕಾದ ವ್ಯವಹಾರದಲ್ಲಿ ಹೋಟೆಲಿನವರ ಹೊಣೆ ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ಎಂಬುದು ಭಾರತದಂತಹ ದೇಶದಲ್ಲಿ ಬರೀ ಶಿಷ್ಟಾಚಾರದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆಯೂ ಹೌದು.

ಈ ಕಟ್ಟಳೆಗಳ ವೈವಿಧ್ಯ ಎಷ್ಟೆಂಬುದನ್ನು ಮೊದಲು ನೋಡಬೇಕು. ಜೈನರ ಆಹಾರಕ್ರಮದಲ್ಲಿ ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿಯಂತಹ ನೆಲದೊಳಗೆ ಬೆಳೆಯುವ ಗಡ್ಡೆಗಳು 'ಅನಂತಕಾಯ'ಗಳು, ಅಂದರೆ ಒಂದೇ ದೇಹದಲ್ಲಿ ಎಣಿಕೆಗೆ ಸಿಗದಷ್ಟು ಜೀವಗಳಿರುವ ವಸ್ತುಗಳು. ಅವನ್ನು ತಿಂದರೆ ಹೆಚ್ಚಿನ ಹಿಂಸೆಯಾಗುತ್ತದೆಂಬ ಕಾರಣಕ್ಕೆ ಅವು ವರ್ಜ್ಯ, ಮತ್ತು ಕಟ್ಟುನಿಟ್ಟಿನ ಮನೆಗಳಲ್ಲಿ ಸೂರ್ಯಾಸ್ತದ ನಂತರ ಊಟವೂ ಇಲ್ಲ. ಮಾಧ್ವ ಸಂಪ್ರದಾಯದ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ದ್ವಿದಳ ಧಾನ್ಯ ಹೀಗೆ ಸರದಿಯಲ್ಲಿ ಬಿಡುವ ವ್ರತವಿದೆ. ಏಕಾದಶಿಯಂದು ಅಕ್ಕಿಯನ್ನಷ್ಟೇ ಬಿಟ್ಟು ಗೋಧಿ ರವೆಯ ಉಪ್ಪಿಟ್ಟು ತಿನ್ನುವ ಮನೆಗಳೂ ಉಂಟು, ನೀರನ್ನೂ ಮುಟ್ಟದ ಮನೆಗಳೂ ಉಂಟು. ಮುಸ್ಲಿಮರಿಗೆ ಹಂದಿಮಾಂಸವೂ ಮದ್ಯವೂ ನಿಷಿದ್ಧ, ಉಳಿದ ಪ್ರಾಣಿಗಳನ್ನು ದೇವರ ಹೆಸರು ಹೇಳಿ ಗೊತ್ತಾದ ವಿಧಾನದಲ್ಲಿ ಕೊಯ್ದಿರಬೇಕು. ಸಿಖ್ಖರ ರೆಹತ್ ಮರ್ಯಾದೆಯಲ್ಲಾದರೋ ಅದೇ ವಿಧಾನದಲ್ಲಿ ಕೊಯ್ದ 'ಕುಠಾ' ಮಾಂಸ ದೀಕ್ಷೆ ಪಡೆದವರಿಗೆ ನಿಷಿದ್ಧ. ಒಬ್ಬರಿಗೆ ಕಡ್ಡಾಯವಾದದ್ದು ಇನ್ನೊಬ್ಬರಿಗೆ ವರ್ಜ್ಯವಾಗಿರುವ ಊರಿನಲ್ಲಿ ಎಲ್ಲರಿಗೂ ಒಪ್ಪುವ ಒಂದೇ ಅಡುಗೆಮನೆಯನ್ನು ಯಾವ ಹೋಟೆಲೂ ನಡೆಸಲಾರದು. ಆದ್ದರಿಂದ ಎಲ್ಲ ಕಟ್ಟಳೆಗಳನ್ನೂ ಪಾಲಿಸುವುದು ಹೋಟೆಲಿನ ಹೊಣೆ ಎನ್ನುವುದು ಆಗದ ಮಾತು. ತಾನು ಏನನ್ನು ಹೇಗೆ ಬೇಯಿಸುತ್ತೇನೆ ಎಂಬುದನ್ನು ಮರೆಮಾಚದೆ ಹೇಳುವುದು, ಹೇಳಿದ ಮಾತಿಗೆ ತಪ್ಪದಿರುವುದು ಅದರ ಹೊಣೆ. ಕಳೆದ ಕೆಲವು ದಶಕಗಳಲ್ಲಿ ಬೇರೆ ಬೇರೆ ದೇಶಗಳ ಶಾಸನಗಳೂ ನ್ಯಾಯಾಲಯಗಳೂ ಬೇರೆ ಬೇರೆ ದಾರಿಯಿಂದ ಬಂದು ತಲುಪಿರುವುದು ಹೆಚ್ಚುಕಡಿಮೆ ಇದೇ ನೆಲೆಗೆ.

ಕರ್ನಾಟಕದ ಮಟ್ಟಿಗೆ ಈ ಚರ್ಚೆಗೆ ಒಂದು ಹಳೆಯ ಅಧ್ಯಾಯವಿದೆ, ಅದು ಅಷ್ಟೇನೂ ಹಿತವಾದುದಲ್ಲ. ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿ ಕರಾವಳಿಯ ಬ್ರಾಹ್ಮಣ ಅಡುಗೆಯವರು ಬೆಂಗಳೂರು, ಮದ್ರಾಸು, ಮುಂಬೈಗಳಲ್ಲಿ ಹೋಟೆಲುಗಳನ್ನು ತೆರೆದಾಗ ಅವರು ಮಾರಿದ್ದು ಇಡ್ಲಿ ದೋಸೆಗಳನ್ನು ಮಾತ್ರವಲ್ಲ, ಇಂಥವರೇ ಬೇಯಿಸಿದ್ದು ಎಂಬ ಭರವಸೆಯನ್ನೂ ಮಾರಿದರು. ಇಂದು ಎಂಟಿಆರ್ ಎಂದು ಹೆಸರಾದ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಶುರುವಾದದ್ದು ಬ್ರಾಹ್ಮಣರ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ. ಊರು ಬಿಟ್ಟು ಬಂದ ವಿದ್ಯಾರ್ಥಿಗೂ ಗುಮಾಸ್ತನಿಗೂ ಮನೆಯ ನಿಯಮ ಮುರಿಯದೆ ಉಣ್ಣಲು ಒಂದು ತಾಣ ಬೇಕಿತ್ತು, ಈ ಹೋಟೆಲುಗಳು ಅದನ್ನು ಒದಗಿಸಿದವು ಎಂಬುದು ನಿಜ. ಆದರೆ ಆ ಕಾಲದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೊಂದು ಕೋಣೆ ಉಳಿದವರಿಗೊಂದು ಕೋಣೆ ಎಂಬ ಪಂಕ್ತಿಭೇದವಿತ್ತು, ದಲಿತರಿಗೆ ಒಳಗೆ ಬರುವ ಅವಕಾಶವೇ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಅಂದರೆ ಗಿರಾಕಿಯ ಕಟ್ಟಳೆಯನ್ನು ಗೌರವಿಸುವುದೆಂದರೆ ತಟ್ಟೆಯೊಳಗೆ ಏನಿದೆ ಎಂಬುದರ ಜೊತೆಗೆ ಪಕ್ಕದಲ್ಲಿ ಯಾರು ಕುಳಿತಿದ್ದಾರೆ, ಒಲೆಯ ಮುಂದೆ ಯಾರಿದ್ದಾರೆ ಎಂಬುದನ್ನೂ ಕಾಯುವುದು ಎಂಬ ಅರ್ಥವಿತ್ತು.

ಈ ಎರಡನ್ನೂ ಕತ್ತರಿಸಿ ಬೇರ್ಪಡಿಸಿದ್ದು ಸಂವಿಧಾನ. ಅದರ 15(2)ನೆಯ ವಿಧಿಯ ಪ್ರಕಾರ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕಾಗಿ ಯಾವ ನಾಗರಿಕನಿಗೂ ಅಂಗಡಿ, ಸಾರ್ವಜನಿಕ ಭೋಜನಶಾಲೆ, ಹೋಟೆಲುಗಳ ಪ್ರವೇಶವನ್ನು ತಡೆಯುವಂತಿಲ್ಲ. ಅಸ್ಪೃಶ್ಯತೆಯನ್ನು 17ನೆಯ ವಿಧಿ ರದ್ದು ಮಾಡಿತು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಅಂದರೆ ಈಗಿನ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, ಹೋಟೆಲಿನ ಪಾತ್ರೆ ಲೋಟಗಳ ಬಳಕೆಯನ್ನು ಅಸ್ಪೃಶ್ಯತೆಯ ನೆಪದಲ್ಲಿ ನಿರಾಕರಿಸುವುದನ್ನೂ ಅಪರಾಧವಾಗಿಸಿತು. ಫಲಕಗಳು ಮಾತ್ರ ಬೇಗ ಇಳಿಯಲಿಲ್ಲ: ಹೋಟೆಲಿನ ಹೆಸರಿನಿಂದ 'ಬ್ರಾಹ್ಮಣ' ಎಂಬ ಪದವನ್ನು ತೆಗೆಸಲು ಪೆರಿಯಾರ್ ಮತ್ತು ಅವರ ಅನುಯಾಯಿಗಳು 1957ರಲ್ಲಿ ಮದ್ರಾಸಿನ ತಿರುವಲ್ಲಿಕ್ಕೇಣಿಯ ಮುರಳೀಸ್ ಕೆಫೆಯೆದುರು ದೀರ್ಘ ಪ್ರತಿಭಟನೆ ನಡೆಸಬೇಕಾಯಿತು. ಉಡುಪಿ ಹೋಟೆಲುಗಳು ತಾವಾಗಿಯೇ ಬದಲಾದ ಬಗೆ ಇನ್ನೂ ಕುತೂಹಲದ್ದು. ಈರುಳ್ಳಿ ಬೆಳ್ಳುಳ್ಳಿಗಳಿಗೆ ಎಡೆಯಿಲ್ಲದ ಮಠದ ಊರಿನ ಹೆಸರು ಹೊತ್ತ ಹೋಟೆಲುಗಳಲ್ಲೇ ಈರುಳ್ಳಿ ಬೆರೆತ ಪಲ್ಯದ ಮಸಾಲೆ ದೋಸೆ ನಾಡಿನ ತಿಂಡಿಯಾಯಿತು. ವ್ಯಾಪಾರ ಬೆಳೆದಂತೆ ಮಡಿ ಸಡಿಲವಾಯಿತು, ಮಾಂಸ ಮೊಟ್ಟೆಗಳಿಲ್ಲ ಎಂಬ ಒಂದು ಗೆರೆ ಮಾತ್ರ ಗಟ್ಟಿಯಾಗಿ ಉಳಿಯಿತು.

ಆ ಗೆರೆಯನ್ನೇ ಆಮೇಲೆ ಕಾನೂನು ಒಂದು ಚಿಹ್ನೆಯಾಗಿ ಬರೆಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಜಾರಿಗೆ ಬಂದ ನಿಯಮದಂತೆ ಪೊಟ್ಟಣದ ಮೇಲೆ ಸಸ್ಯಾಹಾರಕ್ಕೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚೌಕದೊಳಗಿನ ಕಂದು ಚುಕ್ಕೆ ಕಡ್ಡಾಯವಾದವು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಾವಳಿ ಕಂದು ಚುಕ್ಕೆಯನ್ನು ತ್ರಿಕೋನವಾಗಿ ಬದಲಾಯಿಸಿತು, ಏಕೆಂದರೆ ಬಣ್ಣಗುರುಡು ಇರುವವರಿಗೆ ಹಸಿರೂ ಕಂದೂ ಒಂದೇ ಥರ ಕಾಣಬಹುದು, ಆಕಾರ ಬೇರೆಯಾದರೆ ಗೊಂದಲವಿಲ್ಲ. ವ್ಯಾಖ್ಯಾನವೂ ಸ್ಪಷ್ಟವಾಗಿದೆ: ಪ್ರಾಣಿ, ಪಕ್ಷಿ, ಜಲಚರಗಳ ಯಾವುದೇ ಭಾಗವಾಗಲಿ ಮೊಟ್ಟೆಯಾಗಲಿ ಪ್ರಾಣಿಜನ್ಯ ಉತ್ಪನ್ನವಾಗಲಿ ಪದಾರ್ಥವಾಗಿ ಬಳಕೆಯಾಗಿದ್ದರೆ ಅದು ಮಾಂಸಾಹಾರ, ಹಾಲು, ಹಾಲಿನ ಉತ್ಪನ್ನ, ಜೇನು, ಜೇನುಮೇಣ, ಅರಗು ಇದಕ್ಕೆ ಹೊರತು. ಜಗತ್ತಿನ ಬಹಳಷ್ಟು ಕಡೆ ಸಸ್ಯಾಹಾರಿಗಳೆಂದು ಕರೆದುಕೊಳ್ಳುವವರು ಮೊಟ್ಟೆ ತಿನ್ನುತ್ತಾರೆ, ಭಾರತದ ಕಾನೂನಿನಲ್ಲಿ ಮೊಟ್ಟೆ ಕಂದು ತ್ರಿಕೋನದ ಕೆಳಗೇ ಬರುತ್ತದೆ. ಹಾಲನ್ನೂ ಬಿಟ್ಟ ವೀಗನ್ನರಿಗೆ 2022ರಲ್ಲಿ ಬೇರೆಯದೇ ನಿಯಮಾವಳಿ ಬಂತು. ಹೀಗೆ ಸರ್ಕಾರ ನಿರ್ಧರಿಸಿದ್ದು ಯಾವುದು ಪವಿತ್ರ ಎಂಬುದನ್ನಲ್ಲ, ಯಾವ ಪದಾರ್ಥ ಯಾವ ಮೂಲದ್ದು ಎಂಬುದನ್ನು.

ಮೂಲವನ್ನು ತಿಳಿಯುವುದು ಎಷ್ಟು ಕಷ್ಟ ಎಂಬುದು ದೆಹಲಿ ಹೈಕೋರ್ಟು ಡಿಸೆಂಬರ್ 2021ರಲ್ಲಿ ನೀಡಿದ ಆದೇಶವೊಂದರಲ್ಲಿ ಬೆಳಕಿಗೆ ಬಂತು. ನೂಡಲ್ಸ್, ಚಿಪ್ಸ್‌ಗಳಲ್ಲಿ ರುಚಿ ಹೆಚ್ಚಿಸಲು ಬಳಸುವ ಡೈಸೋಡಿಯಂ ಇನೋಸಿನೇಟ್ ಎಂಬ ಪದಾರ್ಥ ಪೊಟ್ಟಣದ ಮೇಲೆ ಇ-631 ಎಂಬ ಸಂಕೇತವಾಗಿ ಮಾತ್ರ ಕಾಣುತ್ತದೆ. ಅದನ್ನು ಮಾಂಸದಿಂದಲೋ ಮೀನಿನಿಂದಲೋ ತೆಗೆಯಬಹುದು, ಬೇರೆ ಮೂಲದಿಂದಲೂ ತಯಾರಿಸಬಹುದು. ಸಂಕೇತ ಓದಿದ ಗ್ರಾಹಕನಿಗೆ ಯಾವುದೆಂದು ತಿಳಿಯುವ ದಾರಿಯಿಲ್ಲ. ಪ್ರತಿಯೊಂದು ಪದಾರ್ಥವೂ ಸಸ್ಯಮೂಲದ್ದೋ ಪ್ರಾಣಿಮೂಲದ್ದೋ ಪ್ರಯೋಗಾಲಯದಲ್ಲಿ ತಯಾರಾದದ್ದೋ ಎಂಬುದನ್ನು ಸಂಪೂರ್ಣವಾಗಿ ತಿಳಿಸಬೇಕು, ಪ್ರಾಣಿಮೂಲದ ಅಂಶ ಎಷ್ಟೇ ಸಣ್ಣ ಪ್ರಮಾಣದಲ್ಲಿದ್ದರೂ ಅದು ಮಾಂಸಾಹಾರವೇ ಎಂದು ನ್ಯಾಯಾಲಯ ಹೇಳಿತು, ಮತ್ತು ಈ ಹಕ್ಕನ್ನು ಜೀವಿಸುವ ಹಕ್ಕಿನ 21ನೆಯ ವಿಧಿಯೊಡನೆಯೂ ಧಾರ್ಮಿಕ ಸ್ವಾತಂತ್ರ್ಯದ 25ನೆಯ ವಿಧಿಯೊಡನೆಯೂ ಜೋಡಿಸಿತು.

ಪ್ರಮಾಣ ಸಣ್ಣದಾದರೂ ಮೌನ ದೊಡ್ಡ ತಪ್ಪಾಗಬಲ್ಲದು ಎಂಬುದಕ್ಕೆ ಅಮೆರಿಕದಲ್ಲಿ ನಡೆದ ಮೆಕ್‌ಡೊನಾಲ್ಡ್ಸ್ ಪ್ರಕರಣದಷ್ಟು ಸ್ಪಷ್ಟ ನಿದರ್ಶನ ಬೇರಿಲ್ಲ. ಆ ಸಂಸ್ಥೆ ಹಿಂದೆ ಆಲೂಗಡ್ಡೆಯ ಫ್ರೆಂಚ್ ಫ್ರೈಗಳನ್ನು ದನದ ಕೊಬ್ಬು ಬೆರೆತ ಎಣ್ಣೆಯಲ್ಲಿ ಕರಿಯುತ್ತಿತ್ತು. ಕೊಲೆಸ್ಟರಾಲ್ ಕುರಿತ ಆತಂಕ ಹೆಚ್ಚಿದಾಗ 1990ರಲ್ಲಿ ಅದು ಪೂರ್ತಿ ಸಸ್ಯಜನ್ಯ ಎಣ್ಣೆಗೆ ಬದಲಾಯಿಸಿರುವುದಾಗಿ ಘೋಷಿಸಿತು, ಅಲ್ಲಿದ್ದ ಸಾವಿರಾರು ಭಾರತೀಯ ಕುಟುಂಬಗಳು ಇನ್ನು ಚಿಂತೆಯಿಲ್ಲವೆಂದು ತಿನ್ನತೊಡಗಿದವು. ಆದರೆ ಆಲೂಗಡ್ಡೆಯನ್ನು ಹೆಚ್ಚಿ, ಅರೆಬೇಯಿಸಿ, ಹೆಪ್ಪುಗಟ್ಟಿಸುವ ಕಾರ್ಖಾನೆಯಲ್ಲೇ ರುಚಿಗೆಂದು ಗೋಮಾಂಸದ ಸಾರದ ಅಲ್ಪಾಂಶವನ್ನು ಸೇರಿಸಲಾಗುತ್ತಿತ್ತು, ಪದಾರ್ಥಗಳ ಪಟ್ಟಿಯಲ್ಲಿ ಅದು 'ನೈಸರ್ಗಿಕ ರುಚಿಕಾರಕ' ಎಂಬ ಎರಡು ಪದಗಳ ಹಿಂದೆ ಅಡಗಿತ್ತು. ಹತ್ತು ವರ್ಷ ಇದು ಯಾರ ಗಮನಕ್ಕೂ ಬರಲಿಲ್ಲ. 2001ರ ಮೇ ತಿಂಗಳಲ್ಲಿ ಸಿಯಾಟಲ್ ನಗರದ ವಕೀಲ ಹರೀಶ್ ಭಾರ್ತಿ ಸಸ್ಯಾಹಾರಿಗಳ ಪರವಾಗಿ ಮೊಕದ್ದಮೆ ಹೂಡಿದಾಗ, ಅಮೆರಿಕದ ಫ್ರೈಗಳು ಸಸ್ಯಾಹಾರವೆಂದು ತಾನು ಎಂದೂ ಹೇಳಿರಲಿಲ್ಲವೆಂಬುದು ಸಂಸ್ಥೆಯ ವಾದವಾಗಿತ್ತು.

ಈ ವಾದ ಅಕ್ಷರಶಃ ಸರಿಯಿದ್ದರೂ ಇರಬಹುದು. ಆದರೆ ಎಣ್ಣೆ ಸಸ್ಯದ್ದು ಎಂದು ಊರಿಗೆಲ್ಲ ಸಾರಿ, ಅದರಲ್ಲಿ ಬೇಯುವ ಆಲೂಗಡ್ಡೆಗೆ ಮೊದಲೇ ಏನು ಸೇರಿದೆ ಎಂಬುದನ್ನು ಹೇಳದೆ ಉಳಿದರೆ ಕೇಳುಗರು ಏನನ್ನು ನಂಬುತ್ತಾರೆಂಬುದು ಹೇಳಿದವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. 2002ರಲ್ಲಿ ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೇಳಿತು, ಸಸ್ಯಾಹಾರಿ, ಹಿಂದೂ, ಸಿಖ್ ಮೊದಲಾದ ಸಂಘಟನೆಗಳಿಗೆ ಒಟ್ಟು 1 ಕೋಟಿ ಡಾಲರ್ ಕೊಡಲು ಒಪ್ಪಿತು. ವಿಚಿತ್ರವೆಂದರೆ ಅದೇ ಸಂಸ್ಥೆ 1996ರಲ್ಲಿ ದೆಹಲಿಯಲ್ಲಿ ಭಾರತದ ಮೊದಲ ಮಳಿಗೆ ತೆರೆದಾಗ ಗೋಮಾಂಸವನ್ನೂ ಹಂದಿಮಾಂಸವನ್ನೂ ಮೆನುವಿನಿಂದಲೇ ಕೈಬಿಟ್ಟಿತ್ತು, ಸಸ್ಯಾಹಾರಕ್ಕೆ ಪ್ರತ್ಯೇಕ ಅಡುಗೆ ಸಾಲು ಇರಿಸಿತ್ತು, ಮೊಟ್ಟೆಯಿಲ್ಲದ ಮೇಯನೇಸ್ ತಯಾರಿಸಿತ್ತು. ಹೇಗೆ ಮಾಡಬೇಕೆಂಬುದು ತಿಳಿಯದ ಕಾರಣಕ್ಕೆ ಅಮೆರಿಕದ ತಪ್ಪು ನಡೆಯಲಿಲ್ಲ. ಅಲ್ಲಿ ಆ ಗಿರಾಕಿಗಳು ಅಲ್ಪಸಂಖ್ಯಾತರಾಗಿದ್ದರು, ಯಾರೂ ಅವರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಲ್ಲಿನ ಸುದ್ದಿ ಕೇಳಿ ಇಲ್ಲಿ ಠಾಣೆಯ ಮಳಿಗೆಯೊಂದರ ಮೇಲೆ ದಾಳಿ ನಡೆಸಿದವರು ಈ ವ್ಯತ್ಯಾಸವನ್ನು ಗಮನಿಸುವ ತಾಳ್ಮೆ ತೋರಲಿಲ್ಲ ಎಂಬುದು ಬೇರೆ ಮಾತು.

ದೊಡ್ಡ ಕಂಪನಿಗಳು ಮಾತ್ರ ಹೀಗೆ ಎಡವುತ್ತವೆಂದಲ್ಲ. ನ್ಯೂಜೆರ್ಸಿಯ ಎಡಿಸನ್ ಪಟ್ಟಣದಲ್ಲಿ 2009ರ ಆಗಸ್ಟ್‌ನಲ್ಲಿ ಹಿಂದೂ ಸಸ್ಯಾಹಾರಿಗಳ ಗುಂಪೊಂದು ಭಾರತದ ಸ್ವಾತಂತ್ರ್ಯೋತ್ಸವದ ಕೂಟಕ್ಕಾಗಿ ಭಾರತೀಯ ರೆಸ್ಟೋರೆಂಟ್ ಒಂದರಿಂದ ತರಕಾರಿ ಸಮೋಸಾಗಳನ್ನು ತರಿಸಿತು. ತಿನ್ನುವವರೆಲ್ಲ ಕಟ್ಟಾ ಸಸ್ಯಾಹಾರಿಗಳೆಂದು ಮೊದಲೇ ತಿಳಿಸಲಾಗಿತ್ತು, ತಂದ ಮೇಲೂ ಅನುಮಾನ ಬಂದು ಫೋನಿನಲ್ಲಿ ಮತ್ತೊಮ್ಮೆ ಕೇಳಲಾಗಿತ್ತು, ಎರಡು ಸಲವೂ ಚಿಂತೆಯಿಲ್ಲವೆಂಬ ಉತ್ತರ ಬಂದಿತ್ತು. ತಿಂದದ್ದು ಮಾಂಸದ ಸಮೋಸಾ. ಬೇರೆ ಯಾರದೋ ಆರ್ಡರಿನ ತಟ್ಟೆ ಅದಲುಬದಲಾಗಿತ್ತು. ತಮ್ಮ ಆತ್ಮಕ್ಕೆ ಆದ ಹಾನಿಗೆ ಗಂಗಾತೀರದಲ್ಲಿ ಶುದ್ಧೀಕರಣ ಮಾಡಿಸಿಕೊಳ್ಳಬೇಕಾಗಿದೆ, ಭಾರತಕ್ಕೆ ಹೋಗಿಬರುವ ಖರ್ಚನ್ನು ರೆಸ್ಟೋರೆಂಟೇ ಕೊಡಬೇಕು ಎಂದು ಅವರು ನ್ಯಾಯಾಲಯದ ಮೊರೆ ಹೋದರು.

ಮೇಲ್ನೋಟಕ್ಕೆ ನಗೆ ತರಿಸಬಹುದಾದ ಈ ಬೇಡಿಕೆಯನ್ನು ರಾಜ್ಯದ ಮೇಲ್ಮನವಿ ನ್ಯಾಯಾಲಯ 2011ರಲ್ಲಿ ನಗದೆಯೇ ಪರಿಶೀಲಿಸಿತು. ಸಮೋಸಾದಲ್ಲಿ ದೋಷವೇನೂ ಇರಲಿಲ್ಲ, ಮಾಂಸದ ಸಮೋಸಾವಾಗಿ ಅದು ಸರಿಯಾಗಿಯೇ ಇತ್ತು, ಆದ್ದರಿಂದ ಉತ್ಪನ್ನದ ದೋಷ, ನಿರ್ಲಕ್ಷ್ಯ, ಗ್ರಾಹಕ ವಂಚನೆ ಮೊದಲಾದ ಆಪಾದನೆಗಳು ನಿಲ್ಲಲಿಲ್ಲ. ಆದರೆ ಒಂದು ಆಪಾದನೆಯನ್ನು ಮಾತ್ರ ನ್ಯಾಯಾಲಯ ಉಳಿಸಿಕೊಂಡಿತು: ಇದು ಸಸ್ಯಾಹಾರ ಎಂದು ಮಾರಾಟಗಾರನು ಬಾಯಿಬಿಟ್ಟು ಕೊಟ್ಟ ಭರವಸೆ ಮುರಿದಿದೆ, ಅದರಿಂದ ಆದ ನಷ್ಟವನ್ನು, ಅದು ಧಾರ್ಮಿಕ ಸ್ವರೂಪದ್ದಾದರೂ, ಸಾಬೀತುಪಡಿಸಲು ಅವರಿಗೆ ಅವಕಾಶವಿರಬೇಕು. ಆತ್ಮಕ್ಕೆ ನಿಜವಾಗಿ ಹಾನಿಯಾಯಿತೇ ಎಂಬ ಪ್ರಶ್ನೆಗೆ ಯಾವ ನ್ಯಾಯಾಧೀಶನೂ ಉತ್ತರ ಕೊಡಲಾರ, ಕೊಡಬೇಕಾಗಿಯೂ ಇಲ್ಲ. ಮಾತು ಕೊಟ್ಟದ್ದು ನಿಜವೇ, ಅದು ತಪ್ಪಿತೇ ಎಂಬುದನ್ನು ನೋಡಿದರೆ ಸಾಕು. ಈ ತೀರ್ಪಿನ ಪ್ರಕಾರ ಹೋಟೆಲಿನ ಹೊಣೆ ಹುಟ್ಟುವುದು ಗಿರಾಕಿಯ ಶ್ರದ್ಧೆಯಿಂದಲ್ಲ, ಹೋಟೆಲೇ ಕೊಟ್ಟ ಮಾತಿನಿಂದ. ಭಾರತದಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 'ಸೇವಾ ನ್ಯೂನತೆ' ಎಂಬ ಪರಿಕಲ್ಪನೆ, ಅಂದರೆ ಒಪ್ಪಿಕೊಂಡ ಸೇವೆಯ ಗುಣಮಟ್ಟದಲ್ಲಾದ ಕೊರತೆ, ಇದೇ ತರ್ಕದ ಮೇಲೆ ನಿಂತಿದೆ, ಜಿಲ್ಲಾ ಗ್ರಾಹಕ ಆಯೋಗಗಳಲ್ಲಿ ಅದರಡಿ ಪರಿಹಾರ ಕೇಳಬಹುದು.

ಧರ್ಮದ ಕಟ್ಟಳೆಯನ್ನು ಸರ್ಕಾರವೇ ಅರ್ಥೈಸಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಕೋಷರ್ ಕಾನೂನು ಉತ್ತರವಾಗಿದೆ. ಕೋಷರ್ ಎಂದರೆ ಯಹೂದಿ ಧರ್ಮಶಾಸ್ತ್ರಕ್ಕೆ ಒಪ್ಪುವ ಆಹಾರ. ಹಂದಿ, ಚಿಪ್ಪುಮೀನುಗಳ ನಿಷೇಧದ ಜೊತೆಗೆ ಮಾಂಸವನ್ನೂ ಹಾಲನ್ನೂ ಒಟ್ಟಿಗೆ ತಿನ್ನಬಾರದೆಂಬ, ಅವುಗಳ ಪಾತ್ರೆಗಳೂ ಬೇರೆಯಾಗಿರಬೇಕೆಂಬ ನಿಯಮ ಅದರಲ್ಲಿದೆ. ಸುಳ್ಳು ಹೇಳಿ ಮಾರುವವರನ್ನು ತಡೆಯಲು ನ್ಯೂಯಾರ್ಕ್ ರಾಜ್ಯ 1915ರಲ್ಲೇ ಕಾನೂನು ತಂದಿತು, ಆದರೆ ಅದರಲ್ಲಿ ಕೋಷರ್ ಎಂದರೆ ಸಾಂಪ್ರದಾಯಿಕ ಯಹೂದಿ ವಿಧಿಗಳಿಗೆ ಅನುಗುಣವಾದದ್ದು ಎಂದು ಬರೆದಿತ್ತು. ಯಹೂದಿಗಳಲ್ಲೇ ಇರುವ ಇತರ ಪಂಥಗಳ ವ್ಯಾಖ್ಯಾನ ಇದಕ್ಕಿಂತ ಬೇರೆಯಾಗಿದ್ದುದರಿಂದ, ಒಂದು ಪಂಥದ ಅರ್ಥವನ್ನು ಸರ್ಕಾರ ಹೇರಿದಂತಾಗುತ್ತದೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2002ರಲ್ಲಿ ಆ ಕಾನೂನನ್ನು ಅಸಾಂವಿಧಾನಿಕವೆಂದು ಸಾರಿತು. ರಾಜ್ಯ 2004ರಲ್ಲಿ ತಂದ ಹೊಸ ಕಾನೂನು ಕೋಷರ್ ಎಂದರೇನೆಂದು ಹೇಳುವುದೇ ಇಲ್ಲ. ಕೋಷರ್ ಎಂದು ಮಾರುವವರು ಅದನ್ನು ಯಾರು ಪ್ರಮಾಣೀಕರಿಸಿದ್ದಾರೆಂಬುದನ್ನು ಬಹಿರಂಗಪಡಿಸಬೇಕು ಎಂದಷ್ಟೇ ಹೇಳುತ್ತದೆ, ಆ ಪ್ರಮಾಣ ತನಗೆ ಸಾಕೇ ಬೇಡವೇ ಎಂಬುದು ತಿನ್ನುವವರಿಗೆ ಬಿಟ್ಟದ್ದು. ಹಲಾಲ್, ಝಟ್ಕಾ (ಒಂದೇ ಏಟಿಗೆ ಕಡಿದ ಮಾಂಸ), ಜೈನ್, ಸಾತ್ವಿಕ ಎಂಬ ಎಲ್ಲ ಹಣೆಪಟ್ಟಿಗಳಿಗೂ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಕಾನೂನಿನಿಂದ ಅಡುಗೆಮನೆಗೆ ಬಂದರೆ ಹಸಿರು ಚುಕ್ಕೆ ತೀರಾ ಮೊಂಡಾದ ಉಪಕರಣವೆನಿಸುತ್ತದೆ. ಗೋಬಿ ಮಂಚೂರಿಯನ್ನು ಚಿಕನ್ ಕಬಾಬಿನ ಬಾಣಲೆಯಲ್ಲೇ ಕರಿದರೆ ಪದಾರ್ಥಗಳ ಪಟ್ಟಿಯಲ್ಲಿ ಮಾಂಸವಿಲ್ಲ, ಎಣ್ಣೆಯಲ್ಲಿದೆ. ಬೆಂಗಳೂರಿನ ಮಿಲ್ಟ್ರಿ ಹೋಟೆಲುಗಳಲ್ಲಿ ಸಿಗುವ ಕುಷ್ಕದಲ್ಲಿ ತುಂಡುಗಳು ಕಾಣುವುದಿಲ್ಲವಾದರೂ ಅದು ಹಲವು ಕಡೆ ಮಾಂಸದ ಸಾರಿನಲ್ಲೇ ಬೆಂದ ಬಿರಿಯಾನಿಯ ಅನ್ನ. ಗೊತ್ತಿದ್ದವರು ಅದಕ್ಕಾಗಿಯೇ ಬರುತ್ತಾರೆ, ಗೊತ್ತಿಲ್ಲದ ಹೊರಗಿನವರು ಅದನ್ನು ಬರೀ ಅನ್ನವೆಂದು ತಿಳಿದು ತಿನ್ನುವ ಸಾಧ್ಯತೆಯಿದೆ. ತರಕಾರಿಯೆಂದು ಬರುವ ಥಾಯ್ ಅಡುಗೆಗಳಲ್ಲಿ ಮೀನಿನ ಸಾಸ್ ಇರಬಹುದು, ಚೈನೀಸ್ ಅಡುಗೆಯಲ್ಲಿ ಆಯ್ಸ್ಟರ್ ಸಾಸ್ ಇರಬಹುದು; ಪುಡ್ಡಿಂಗಿನ ಜೆಲಟಿನ್ ಪ್ರಾಣಿಗಳ ಮೂಳೆ ಚರ್ಮಗಳಿಂದ ಬರುತ್ತದೆ; ಇಟಲಿಯ ಪಾರ್ಮಿಜಾನೋ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಕಿಣ್ವದಿಂದಲೇ ಹೆಪ್ಪುಗಟ್ಟಿಸಬೇಕೆಂಬುದು ಅಲ್ಲಿನ ಕಟ್ಟುನಿಟ್ಟು. ಸಿಹಿತಿಂಡಿಯ ಮೇಲಿನ ಬೆಳ್ಳಿಯ ವರಖನ್ನು ಸಾಂಪ್ರದಾಯಿಕವಾಗಿ ದನದ ಕರುಳಿನ ಪದರಗಳ ನಡುವೆ ಇಟ್ಟು ಬಡಿದು ತೆಳುವಾಗಿಸುತ್ತಿದ್ದರೆಂಬುದು ಅದನ್ನು ಪ್ರಸಾದದ ಮೇಲೂ ಅಂಟಿಸುವ ಎಷ್ಟೋ ಜನರಿಗೆ ತಿಳಿಯದು. ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಮೂಲದ ವಸ್ತು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ನಿಯಮ ತಂದಿತು.

ಹಸಿರು ಚುಕ್ಕೆಯೊಳಗೂ ಬಿಕ್ಕಟ್ಟುಗಳಿವೆ. ಜೈನ್ ಪಾವ್‌ಭಾಜಿ ಎಂದು ಮೆನುವಿನಲ್ಲಿ ಬರೆದವರು ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕುತ್ತಾರೆ, ಅದು ಒಳ್ಳೆಯ ಉಪಾಯವೇ. ಆದರೆ ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟ ಗ್ರೇವಿಗೆ ಈರುಳ್ಳಿ ಬೆಳ್ಳುಳ್ಳಿ ಬಿದ್ದಿದ್ದರೆ, ಆರ್ಡರ್ ಬಂದಾಗ ಮೇಲಿನಿಂದ ಈರುಳ್ಳಿ ಉದುರಿಸದೆ ಕೊಡುವುದನ್ನೇ ಜೈನ್ ಎಂದು ಕರೆಯುವ ಅಭ್ಯಾಸವೂ ಇದೆ. ದೊಡ್ಡ ಅಡುಗೆಮನೆಗಳಲ್ಲಿ ತಪ್ಪು ನುಸುಳುವುದು ಬಹುಮಟ್ಟಿಗೆ ಇಂಥ ತಳಹದಿಯ ಗ್ರೇವಿಗಳಿಂದ ಮತ್ತು ಮಸಾಲೆ ಪುಡಿಗಳಿಂದ, ಕೊನೆಯ ಒಗ್ಗರಣೆಯಿಂದಲ್ಲ. ವಿಮಾನಯಾನ ಸಂಸ್ಥೆಗಳು ಈ ತೊಡಕಿಗೆ ಸಂಕೇತಗಳ ಮೂಲಕ ಉತ್ತರ ಕಂಡುಕೊಂಡಿವೆ: ವಿಜೆಎಂಎಲ್ ಎಂದರೆ ಜೈನ ಊಟ, ಎವಿಎಂಎಲ್ ಎಂದರೆ ಭಾರತೀಯ ಬಗೆಯ ಸಸ್ಯಾಹಾರ, ಎಂಒಎಂಎಲ್ ಎಂದರೆ ಮುಸ್ಲಿಮರಿಗೆ ಒಪ್ಪುವ ಊಟ. ಹಿಂದೂ ಊಟವೆಂದು ಕರೆಯುವ ಎಚ್‌ಎನ್‌ಎಂಎಲ್‌ನಲ್ಲಿ ಗೋಮಾಂಸವಿರುವುದಿಲ್ಲವೇ ಹೊರತು ಅದು ಮಾಂಸಾಹಾರವೇ ಎಂಬುದನ್ನು ಅರಿಯದೆ ಅದನ್ನೇ ಆರಿಸಿಕೊಂಡು ಪೇಚಾಡುವ ಪ್ರಯಾಣಿಕರಿದ್ದರೆ ಅಚ್ಚರಿಯಿಲ್ಲ. ಸಂಕೇತ ಯಾವುದೇ ಇರಲಿ, ಮುಂಚಿತವಾಗಿ ತಿಳಿಸಿದರೆ ಮಾತ್ರ ಆ ಊಟ ಸಿಗುತ್ತದೆಂಬುದು ಅಲ್ಲಿನ ಷರತ್ತು.

ಶ್ರದ್ಧೆಯ ಕಟ್ಟಳೆಗೂ ದೇಹದ ಕಟ್ಟಳೆಗೂ ಹೋಟೆಲಿನವರು ಕೊಡುವ ಗಮನ ಒಂದೇ ಆಗಿರಬೇಕು, ತಪ್ಪಿದಾಗ ಆಗುವ ಹಾನಿ ಮಾತ್ರ ಬೇರೆ. ಗೋಧಿಯ ಗ್ಲೂಟೆನ್ ಎಂಬ ಪ್ರೋಟೀನಿನಿಂದ ಸಣ್ಣಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಯವರು ಅಕ್ಕಿ ಉದ್ದಿನ ದೋಸೆಯನ್ನು ನಂಬಿ ಹೋಟೆಲಿಗೆ ಹೋಗುತ್ತಾರೆ. ಆದರೆ ಪಕ್ಕದಲ್ಲಿ ಬಡಿಸುವ ಸಾಂಬಾರಿನ ಇಂಗು ಅಚ್ಚ ಇಂಗಲ್ಲ, ಮಾರುಕಟ್ಟೆಯ ಕೂಡು ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ನೆಲಗಡಲೆಯ ಅಲರ್ಜಿಯಿರುವವರಿಗೆ ಅಪಾಯ ಇನ್ನೂ ತೀವ್ರವಾದದ್ದು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರದೇಶದ ಭಾರತೀಯ ರೆಸ್ಟೋರೆಂಟ್ ಒಂದರ ಮಾಲೀಕರು ಖರ್ಚು ಉಳಿಸಲು ಬಾದಾಮಿ ಪುಡಿಯ ಬದಲು ನೆಲಗಡಲೆ ಬೆರೆತ ಅಗ್ಗದ ಪುಡಿ ಬಳಸತೊಡಗಿದರು. ಬೀಜಗಳೇ ಬೇಡವೆಂದು ಹೇಳಿ ಚಿಕನ್ ಟಿಕ್ಕಾ ಮಸಾಲಾ ತರಿಸಿಕೊಂಡ ಗಿರಾಕಿಯೊಬ್ಬರು 2014ರ ಜನವರಿಯಲ್ಲಿ ಅದನ್ನು ತಿಂದು ಸತ್ತರು. ಡಬ್ಬಿಯ ಮುಚ್ಚಳದ ಮೇಲೆ ಬೀಜಗಳಿಲ್ಲವೆಂದೇ ಬರೆದಿತ್ತು. 2016ರಲ್ಲಿ ಆ ಮಾಲೀಕರಿಗೆ ಘೋರ ನಿರ್ಲಕ್ಷ್ಯದಿಂದಾದ ನರಹತ್ಯೆಯ ಅಪರಾಧಕ್ಕೆ ಆರು ವರ್ಷಗಳ ಸೆರೆವಾಸ ವಿಧಿಸಲಾಯಿತು. ಎಡಿಸನ್ನಿನ ಸಮೋಸಾಕ್ಕೂ ಯಾರ್ಕ್‌ಷೈರಿನ ಮಸಾಲಾಕ್ಕೂ ನಡುವೆ ಪರಿಣಾಮದಲ್ಲಿ ಅಜಗಜಾಂತರವಿದ್ದರೂ ತಪ್ಪಿನ ಬೇರು ಒಂದೇ: ಪರಿಶೀಲಿಸದೆ ಕೊಟ್ಟ ಭರವಸೆ.

ಹೊಣೆಯ ಇನ್ನೊಂದು ತುದಿ ಎಲ್ಲಿ ಮುಗಿಯಬೇಕು ಎಂಬುದರ ಬಗ್ಗೆ ಇತ್ತೀಚಿನ ವರ್ಷಗಳ ಭಾರತ ಹೆಚ್ಚು ಗೊಂದಲದಲ್ಲಿದೆ. 2024ರ ಜುಲೈನಲ್ಲಿ ಉತ್ತರ ಪ್ರದೇಶದ ಮುಜಫ್ಫರನಗರದ ಪೊಲೀಸರು ಶಿವಭಕ್ತರ ಕಾಂವಡ್ ಯಾತ್ರೆಯ ದಾರಿಯಲ್ಲಿರುವ ಹೋಟೆಲು, ಢಾಬಾ, ಹಣ್ಣಿನ ಗಾಡಿಗಳವರೂ ಮಾಲೀಕರ ಹೆಸರನ್ನು ಬರೆದು ತೂಗುಹಾಕಬೇಕೆಂದು ಸೂಚಿಸಿದರು. ಯಾತ್ರಿಕರ ಆಹಾರ ನಿಯಮಕ್ಕೆ ಗೊಂದಲವಾಗಬಾರದೆಂಬುದು ಕೊಟ್ಟ ಕಾರಣ. ಅದೇ ತಿಂಗಳ 22ರಂದು ಸುಪ್ರೀಂ ಕೋರ್ಟು ಮಧ್ಯಂತರ ತಡೆ ನೀಡಿ, ಎಂಥ ಆಹಾರ ಬಡಿಸುತ್ತಾರೆಂಬುದನ್ನು ಪ್ರಕಟಿಸಲು ಹೇಳಬಹುದು, ಮಾಲೀಕರ ಅಥವಾ ಕೆಲಸಗಾರರ ಹೆಸರು ಪ್ರಕಟಿಸುವಂತೆ ಬಲವಂತಪಡಿಸುವಂತಿಲ್ಲ ಎಂದಿತು. ಈ ಆದೇಶ ಎಳೆದ ಗೆರೆ 15(2)ನೆಯ ವಿಧಿ ಎಳೆದ ಗೆರೆಯೇ. ಬಾಳೆಹಣ್ಣು ಮಾರುವವನ ಹೆಸರಿನಿಂದ ಬಾಳೆಹಣ್ಣಿನ ಪದಾರ್ಥಗಳ ಬಗ್ಗೆ ಏನೂ ತಿಳಿಯುವುದಿಲ್ಲ, ಮಾರುವವನ ಮತದ ಬಗ್ಗೆ ಮಾತ್ರ ತಿಳಿಯುತ್ತದೆ.

ಅದೇ ವರ್ಷದ ಮಾರ್ಚ್‌ನಲ್ಲಿ ಜೊಮ್ಯಾಟೊ ಸಂಸ್ಥೆ ಸಸ್ಯಾಹಾರಿ ಹೋಟೆಲುಗಳಿಂದ ಮಾತ್ರ ಊಟ ತರುವ ಪ್ರತ್ಯೇಕ ವಿತರಣಾ ತಂಡವನ್ನು ಹಸಿರು ಸಮವಸ್ತ್ರದೊಡನೆ ಘೋಷಿಸಿ, ಮರುದಿನವೇ ಸಮವಸ್ತ್ರದ ಬಣ್ಣವನ್ನು ಹಿಂತೆಗೆದುಕೊಂಡಿತು, ಏಕೆಂದರೆ ಸಂಸ್ಥೆಯ ಮಾಮೂಲಿ ಕೆಂಪು ಅಂಗಿಯ ಹುಡುಗರನ್ನು ಮಾಂಸ ತರುವವರೆಂದು ಅಪಾರ್ಟ್‌ಮೆಂಟುಗಳ ಗೇಟಿನಲ್ಲೇ ತಡೆಯುವ ಅಪಾಯವಿತ್ತು. ಊಟದ ಡಬ್ಬಿಗಳು ಬೆರೆಯದಿರಲಿ ಎಂಬ ಅಪೇಕ್ಷೆ ನ್ಯಾಯವಾದದ್ದು. ಅದು ಹೊತ್ತು ತರುವ ಮನುಷ್ಯನ ಮೈಮೇಲಿನ ಗುರುತಾದಾಗ ಬ್ರಾಹ್ಮಣರ ಕಾಫಿ ಕ್ಲಬ್ಬಿನ ಕಾಲಕ್ಕೆ ಹಿಂದಿರುಗಿದಂತಾಗುತ್ತದೆ. ಹಲಾಲ್ ವಿಚಾರ ಮಾತ್ರ ಇಷ್ಟು ಸರಳವಲ್ಲ, ಏಕೆಂದರೆ ಅಲ್ಲಿ ಕೊಯ್ಯುವವರ ನಂಬಿಕೆಯೇ ವಿಧಾನದ ಒಂದು ಭಾಗ. ಆದರೂ ಮಾಂಸ ಯಾವ ವಿಧಾನದ್ದೆಂದು ಹೋಟೆಲು ಕೇಳಿದವರಿಗೆ ನಿಜ ಹೇಳಿದರೆ ಹಲಾಲ್ ಬೇಕೆನ್ನುವ ಮುಸ್ಲಿಮರಿಗೂ ಬೇಡವೆನ್ನುವ ಸಿಖ್ಖರಿಗೂ ಒಂದೇ ಉತ್ತರ ಎರಡು ಬಗೆಯಲ್ಲಿ ಉಪಯೋಗಕ್ಕೆ ಬರುತ್ತದೆ. 2022ರ ಯುಗಾದಿಯ ಹೊಸತೊಡಕಿನ ಸಮಯದಲ್ಲಿ ಕರ್ನಾಟಕದಲ್ಲಿ ಎದ್ದ ಹಲಾಲ್ ವಿರೋಧಿ ಅಭಿಯಾನದ ಗುರಿ ಇಂಥ ಮಾಹಿತಿಯಾಗಿರಲಿಲ್ಲ, ವ್ಯಾಪಾರಿಗಳ ಬಹಿಷ್ಕಾರವಾಗಿತ್ತು. ಎರಡನ್ನೂ ಒಂದೇ ಎಂದು ಬಗೆಯುವುದು ಗ್ರಾಹಕರ ಹಕ್ಕಿನ ಹೆಸರಿಗೇ ಅಪಚಾರ.

ಗಿರಾಕಿಗಳಿಗೂ ತಮ್ಮ ಪಾಲಿನ ಹೊಣೆಯಿದೆ. 'ವೆಜ್' ಎಂದಷ್ಟೇ ಹೇಳಿ, ಮೊಟ್ಟೆ, ಬೆಳ್ಳುಳ್ಳಿ, ಒಂದೇ ಬಾಣಲೆ ಇವುಗಳಲ್ಲಿ ತಮಗೆ ಯಾವುದು ಆಗದೆಂಬುದನ್ನು ಹೇಳದವರು ಆಮೇಲೆ ಹೋಟೆಲನ್ನು ದೂರುವುದು ನ್ಯಾಯವಲ್ಲ, ಏಕೆಂದರೆ ಒಂದೇ ಹೆಸರಿನ ವ್ರತ ಮನೆಯಿಂದ ಮನೆಗೆ ಬೇರೆಯಾಗಿರುವಾಗ ಅಡುಗೆಯವರು ಊಹಿಸಲಾರರು. ಸ್ಪಷ್ಟವಾಗಿ ಕೇಳಿದವರಿಗೆ 'ನಮ್ಮಲ್ಲಿ ಅದು ಆಗುವುದಿಲ್ಲ' ಎಂದು ಹೇಳುವ ಹೋಟೆಲು ಗಿರಾಕಿಯನ್ನು ಕಳೆದುಕೊಂಡರೂ ಹೊಣೆಯನ್ನು ನಿರ್ವಹಿಸಿದಂತೆಯೇ. 'ಆಗುತ್ತದೆ ಸಾರ್, ಕೂತ್ಕೊಳ್ಳಿ' ಎಂದು ಒಳಗೆ ಹೋಗಿ ಅದೇ ಗ್ರೇವಿ ಬಡಿಸುವ ಹೋಟೆಲು ನಿರ್ವಹಿಸಿದಂತಲ್ಲ.

2020ರ ನಿಯಮಾವಳಿ ಮೆನುವಿನಲ್ಲಿ ಸಸ್ಯಾಹಾರ ಮಾಂಸಾಹಾರಗಳ ಚಿಹ್ನೆಯನ್ನೂ ಗ್ಲೂಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿಯಂತಹ ಜಲಚರ, ನೆಲಗಡಲೆ, ಇತರ ಬೀಜಗಳು, ಸೋಯಾ, ಸಲ್ಫೈಟ್‌ಗಳೆಂಬ ಅಲರ್ಜಿಕಾರಕಗಳ ಮಾಹಿತಿಯನ್ನೂ ನಮೂದಿಸುವ ವ್ಯವಸ್ಥೆ ತಂದಿದೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಮಳಿಗೆಗಳಿರುವವರು ಕ್ಯಾಲೊರಿಯನ್ನೂ ಬರೆಯಬೇಕೆಂದು ಹೇಳಿದೆ. ಒಂದೇ ಎಣ್ಣೆಯಲ್ಲಿ ಎರಡೂ ಬಗೆಯನ್ನು ಕರಿಯುತ್ತಾರೆಯೇ, ತಳಹದಿಯ ಗ್ರೇವಿಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದೆಯೇ, ಸಾರಿಗೆ ಮಾಂಸದ ಸ್ಟಾಕ್ ಹಾಕುತ್ತಾರೆಯೇ, ಮಾಂಸ ಯಾವ ವಿಧಾನದ್ದು ಎಂಬ ನಾಲ್ಕು ಸಂಗತಿಗಳನ್ನು ಗೋಡೆಯ ಮೇಲೆ ಬರೆದು ಹಾಕುವುದಕ್ಕೆ ಯಾವ ಹೋಟೆಲಿಗೂ ಹೆಚ್ಚಿನ ಖರ್ಚು ಬೀಳುವುದಿಲ್ಲ, ಯಾವ ಹೊಸ ಕಾನೂನೂ ಬೇಕಾಗಿಲ್ಲ. ರಾಜ್ಯದ ಹೋಟೆಲು ಮಾಲೀಕರ ಸಂಘಟನೆಗಳು ತಮ್ಮ ಸದಸ್ಯರಿಗೆ ಇಷ್ಟನ್ನು ಸೂಚಿಸಬೇಕು, ಅದು ಆಗುವವರೆಗೆ ಗಿರಾಕಿಗಳು ಆರ್ಡರ್ ಕೊಡುವ ಮುನ್ನ ಈ ನಾಲ್ಕನ್ನು ಬಾಯಿಬಿಟ್ಟು ಕೇಳಬೇಕು.